ಭೋರ್ ಘಾಟಿನಲ್ಲಿ ಬೋರು, ಜೊತೆಗೆ ಕೈಲಾಸಂ

ಜುಲೈ ತಿಂಗಳಲ್ಲಿ ಲೋಣಾವಳಾ ಎರಡು ಊರು. ಪ್ರವಾಸಕ್ಕೆ ಬರುವವರದು ಒಂದು, ಇಲ್ಲೇ ಇರುವ ನಮ್ಮದು ಇನ್ನೊಂದು. ಅವರು ಶನಿವಾರ ಬರುತ್ತಾರೆ. ಭುಶಿ ಅಣೆಕಟ್ಟಿನ ಮೆಟ್ಟಿಲ ಮೇಲೆ ಹರಿಯುವ ನೀರಿನಲ್ಲಿ ಕೂರುತ್ತಾರೆ, ಸುಟ್ಟ ಮೆಕ್ಕೆಜೋಳ ತಿನ್ನುತ್ತಾರೆ, ಚಿಕ್ಕಿ ಕಟ್ಟಿಸಿಕೊಂಡು ಭಾನುವಾರ ಸಂಜೆ ಘಾಟಿ ಇಳಿಯುತ್ತಾರೆ. ನಮಗೆ ಉಳಿಯುವುದು ಮಂಜು, ಮೂರು ದಿನವಾದರೂ ಒಣಗದ ಬಟ್ಟೆ, ಗೋಡೆ ಹತ್ತುವ ಪಾಚಿ ಮತ್ತು ಎಷ್ಟು ನೂಕಿದರೂ ಮುಂದಕ್ಕೆ ಹೋಗದ ಹೊತ್ತು.

ನಾನು ಭೂವಿಜ್ಞಾನಿ. ಊರು ತಿಪಟೂರು. ಇಲ್ಲಿಗೆ ಬಂದು ಏಳು ವರ್ಷವಾಯಿತು. ಸುರಂಗ ತೋಡುವ ಮುಂಚೆ ಬೆಟ್ಟದ ಹೊಟ್ಟೆಯಲ್ಲಿ ಎಂಥ ಕಲ್ಲಿದೆ ಎಂದು ತಿಳಿಯಬೇಕಲ್ಲ, ಅದಕ್ಕೆ ಬೋರ್ ಹೊಡೆಸುತ್ತೇವೆ. ಕೊಳವೆಯೊಳಗೆ ಸಿಕ್ಕಿ ಮೇಲೆ ಬರುವ ಕಲ್ಲಿನ ಉದ್ದನೆಯ ತುಂಡುಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಅಳೆದು, ಬಿರುಕು ಎಣಿಸಿ ಬರೆದಿಡುವುದು ನನ್ನ ಕೆಲಸ. ತಿಪಟೂರಿನಲ್ಲಿ ತೆಂಗಿನ ತೋಟಕ್ಕೆ ನೀರು ಹುಡುಕಲು ಬೋರ್ ಹೊಡೆಸುತ್ತಾರೆ, ನಾನು ಕಲ್ಲು ಹುಡುಕಲು ಹೊಡೆಸುತ್ತೇನೆ, ಅಷ್ಟೇ ವ್ಯತ್ಯಾಸ. ನನ್ನ ಹನ್ನೆರಡು ವರ್ಷದ ಮಗಳಿಗೆ ಇದು ದೊಡ್ಡ ತಮಾಷೆ. ಅಪ್ಪನಿಗೆ ಬೋರ್ ಹೊಡೆಸುವುದಕ್ಕೆ ಸಂಬಳ ಕೊಡುತ್ತಾರೆ, ನನಗೆ ಮಾತ್ರ ಪುಕ್ಕಟೆಯಾಗಿ ಬೋರ್ ಹೊಡೆಯುತ್ತದೆ ಎಂದು ಅವಳ ದೂರು.

ಮೊನ್ನೆ ಭಾನುವಾರ ಬೆಳಗಿನಿಂದ ಕರೆಂಟಿರಲಿಲ್ಲ. ಮೊಬೈಲುಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಹೊರಗೆ ಮಳೆ ಭೋರ್ಗರೆಯುತ್ತಿತ್ತು. ಬೋರ್ ಎಂಬುದು ಭೋರ್ಗರೆಯ ಒಳಗೇ ಇದೆ ನೋಡು ಅಂದೆ, ಸುಮ್ಮನೆ. ಅವಳು ಎದ್ದು ಕೂತಳು. ಹಾಗಾದರೆ ನಮ್ಮ ಭೋರ್ ಘಾಟ್ ಕೂಡ ಬೋರ್ ಘಾಟ್ ಎಂದಳು. 1863ರಲ್ಲಿ ರೈಲು ಹತ್ತಿದ, ಇವತ್ತಿಗೂ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಬೇಕಾಗುವ ಘಾಟಿಗೆ ಅದು ತಕ್ಕ ಹೆಸರೇ. ಹೀಗೆ ಆಟ ಶುರುವಾಯಿತು. ಬೇಸರವನ್ನು ಹೇಳಲು ಹೊಸ ಪದ ಕಟ್ಟಬೇಕು. ಎರಡು ಪದ ಕೂಡಿಸಬೇಕು, ಕೂಡಿಸಿದ ಜಾಗದಲ್ಲಿ ಸ್ವಲ್ಪ ನುಂಗಬೇಕು.

ಮರಾಠಿಯಲ್ಲಿ ಬೇಸರಕ್ಕೆ ಕಂಟಾಳಾ ಅನ್ನುತ್ತಾರೆ. ಪಕ್ಕದ ಊರು ಖಂಡಾಳಾ. ಅವಳಿಗೆ ಅಷ್ಟೇ ಸಾಕಾಯಿತು. ನಾವಿರುವ ಊರು ಕಂಟಾಳಾವಳಾ ಆಯಿತು. ಶಾಲೆ ಶುರುವಾಗುವ ದಿನ ಸೋಮಾರಿವಾರ ಆಯಿತು. ಮಳೆಗಾಲ ಮಲಗಾಲ ಆಯಿತು. ಮುಗಿಯದ ಬೇಸರದ ಕಥೆ ಬೋರಾಯಣ. ನಾನೂ ಹಿಂದೆ ಬೀಳಲಿಲ್ಲ. ಆಫೀಸಿನ ಜೂಮ್ ಸಭೆಯಲ್ಲಿ ಬರುವ ಜೋಂಪಿಗೆ ಜೂಂಪು ಎಂದು ಹೆಸರಿಟ್ಟೆ. ನನ್ನದೇ ಒಳ್ಳೆಯದು ಎಂದು ನನಗೆ ಖಾತರಿಯಿತ್ತು. ಅವಳು ನಗಲಿಲ್ಲ. ಜೂಮ್ ಗೊತ್ತು, ಇನ್ನೊಂದು ಯಾವುದು ಎಂದು ಕೇಳಿದಳು.

ಜೋಂಪು ಎಂಬ ಮಾತು ಅವಳಿಗೆ ಗೊತ್ತಿರಲಿಲ್ಲ. ಊಟವಾದ ಮೇಲೆ ಕಣ್ಣು ಎಳೆಯುತ್ತದಲ್ಲ, ಪೂರ್ತಿ ನಿದ್ದೆಯಲ್ಲ, ಎಚ್ಚರವೂ ಅಲ್ಲ ಎಂದು ವಿವರಿಸಿದೆ. ವಿವರಿಸಿದ ಮೇಲೆ ಯಾವ ತಮಾಷೆಯೂ ತಮಾಷೆಯಾಗಿ ಉಳಿಯುವುದಿಲ್ಲ. ಆಟ ಅಲ್ಲಿಗೆ ನಿಂತಿತು.

ಸಂಜೆ ಕರೆಂಟು ಬಂದ ಮೇಲೆ ಅಮ್ಮನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅಮ್ಮ ತಿಪಟೂರಿನಲ್ಲಿ ಒಬ್ಬರೇ ಇದ್ದಾರೆ. ಮೊಮ್ಮಗಳ ಕನ್ನಡ ಕಲಸುಮೇಲೋಗರವಾಗಿದೆ, ನೀನು ತಿದ್ದುವುದು ಬಿಟ್ಟು ಇನ್ನಷ್ಟು ಕಲಸುತ್ತಿದ್ದೀಯ ಎಂದು ಗದರಿದರು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆಲ್ಲ ಈ ಗದರಿಕೆ ಹೊಸದಲ್ಲ. ನಿಮಗೂ ಬಿದ್ದಿರುತ್ತದೆ. ಆದರೆ ಆ ರಾತ್ರಿ ನನಗೆ ನೆನಪಾದವರು ಒಬ್ಬ ಹಿರಿಯ ಭೂವಿಜ್ಞಾನಿ. ಅವರು ಕನ್ನಡವನ್ನೂ ಇಂಗ್ಲಿಷನ್ನೂ ಒಂದೇ ತಪ್ಪಲೆಯಲ್ಲಿ ಹಾಕಿ ಕಲಸಿದರು, ಕನ್ನಡಿಗರು ತಟ್ಟೆ ಹಿಡಿದು ಮತ್ತೆ ಮತ್ತೆ ಬಡಿಸಿಕೊಂಡರು. ಅವರು ತ್ಯಾಗರಾಜ ಪರಮಶಿವ ಕೈಲಾಸಂ. ಅವರು ಹುಟ್ಟಿದ್ದೂ ಇದೇ ಜುಲೈನಲ್ಲಿ, 1884ರ 29ನೇ ತಾರೀಕು.

ಕೈಲಾಸಂ ಅವರನ್ನು ನಾವು ನಾಟಕಕಾರರೆಂದೇ ಓದುತ್ತೇವೆ. ಅವರು ಕಲ್ಲು ಓದಿದವರು ಎಂಬುದನ್ನು ಮರೆತುಬಿಡುತ್ತೇವೆ. ಮೈಸೂರು ಸಂಸ್ಥಾನದಲ್ಲಿ ನೆಲೆಸಿದ್ದ ತಮಿಳು ಮನೆ ಅವರದು. ತಂದೆ ಪರಮಶಿವ ಅಯ್ಯರ್ ನ್ಯಾಯಾಧೀಶರು, ಭಾರಿ ಓದಿನವರು. ರಾಮಾಯಣದ ಲಂಕೆ ಈಗಿನ ಸಿಂಹಳವಲ್ಲ, ಮಧ್ಯ ಭಾರತದಲ್ಲೇ ಎಲ್ಲೋ ಇತ್ತು ಎಂದು ಇಳಿವಯಸ್ಸಿನಲ್ಲಿ ಒಂದು ಇಂಗ್ಲಿಷ್ ಪುಸ್ತಕವನ್ನೇ ಬರೆದವರು. ಚಿಕ್ಕಪ್ಪ–ದೊಡ್ಡಪ್ಪಂದಿರ ಸಾಲಿನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯೂ ಇದ್ದರು. ಅಂಥ ಮನೆಯ ಹುಡುಗನಿಗೆ ದಾರಿ ಮೊದಲೇ ಹಾಕಿಟ್ಟಂತಿತ್ತು: ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಂದ ಲಂಡನ್ನು, ಹಿಂದಿರುಗಿ ಸರ್ಕಾರದ ದೊಡ್ಡ ಹುದ್ದೆ.

ದಾರಿಯಲ್ಲಿ ನಡೆದದ್ದೂ ಹಾಗೆಯೇ, ಮುಕ್ಕಾಲು ಪಾಲು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಮೂರು ನುಡಿಗಳ ನಡುವೆ ಕೈಲಾಸಂ ಬೆಳೆದರು. ಮಾಸ್ತಿ, ಜಿ.ಪಿ. ರಾಜರತ್ನಂ ಇವರ ಮನೆಮಾತೂ ತಮಿಳೇ. ಹಾಗೆ ನೋಡಿದರೆ ನಮ್ಮ ನವೋದಯದ ಕನ್ನಡದಲ್ಲಿ ಬೇರೆ ಮನೆಮಾತಿನವರ ಪಾಲು ದೊಡ್ಡದು. 1908ರ ಹೊತ್ತಿಗೆ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಅವರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿದರು. ಭೂವಿಜ್ಞಾನದಲ್ಲಿ ಹೆಸರು ಮಾಡಿದರು.

ಆದರೆ ಆ ವರ್ಷಗಳಲ್ಲಿ ಅವರು ಕಲ್ಲಿಗಿಂತ ಹೆಚ್ಚಾಗಿ ಓದಿದ್ದು ಲಂಡನ್ನಿನ ರಂಗಮಂದಿರಗಳನ್ನು. ಇಬ್ಸನ್, ಶಾ ಅವರ ಕಾಲ ಅದು. ರಂಗದ ಮೇಲೆ ರಾಜರಾಣಿಯರ ಬದಲು ಕುರ್ಚಿ–ಮೇಜು–ದೀಪವಿರುವ ಸಾಧಾರಣ ಮನೆ, ಆ ಮನೆಯ ಜಗಳ, ಆ ಮನೆಯವರ ಮಾತು. ಇನ್ನೊಂದು ಕಡೆ, ಕೂಲಿಕಾರರೂ ಗುಮಾಸ್ತರೂ ತುಂಬುವ ಮ್ಯೂಸಿಕ್ ಹಾಲುಗಳು, ಅಲ್ಲಿ ಅರ್ಥಕ್ಕಿಂತ ತಾಳವೇ ಮುಖ್ಯವಾದ ತಮಾಷೆಯ ಹಾಡುಗಳು. ಕೈಲಾಸಂ ಎರಡನ್ನೂ ಗಂಟು ಕಟ್ಟಿಕೊಂಡು ಬಂದರು.

ಆ ಗಂಟಿನೊಳಗಿದ್ದ ಒಂದು ಹಾಡಿನ ಕಥೆ ನಮ್ಮಂಥವರು ಕೇಳಬೇಕಾದದ್ದು. ಟಿಪ್ಪರರಿ ಐರ್ಲೆಂಡಿನ ಒಂದು ಜಿಲ್ಲೆ. ಲಂಡನ್ನಿಗೆ ದುಡಿಯಲು ಬಂದ ಐರಿಷ್ ಹುಡುಗನೊಬ್ಬ ತನ್ನ ಊರು ಎಷ್ಟು ದೂರ ಎಂದು ನೆನೆಯುವ ಹಾಡು 1912ರಲ್ಲಿ ಹುಟ್ಟಿತು. ಎರಡು ವರ್ಷಕ್ಕೆ ಮೊದಲ ಮಹಾಯುದ್ಧ ಬಂತು, ಸಿಪಾಯಿಗಳು ಅದನ್ನೇ ಹಾಡುತ್ತ ಕಾಲು ಹಾಕಿದರು. ಕೈಲಾಸಂ ಆ ಹೆಸರನ್ನು ಕನ್ನಡದ ಕಿವಿಯಿಂದ ಕೇಳಿದರು. ಟಿಪ್ಪರರಿ ತಿಪ್ಪಾರಹಳ್ಳಿ ಆಯಿತು. ನಾಲ್ಕು ಅಕ್ಷರದ ಹೊರಳಿಕೆಯಲ್ಲಿ ಐರ್ಲೆಂಡಿನ ಜಿಲ್ಲೆಯೊಂದು ಕನ್ನಡ ಸೀಮೆಯ ಹಳ್ಳಿಯಾಗಿ ಬಂದು ಕೂತಿತು. ರಾಗ ಅದೇ, ದೂರ ಅದೇ, ಊರು ಮಾತ್ರ ನಮ್ಮದು. ತಿಪಟೂರಿನವನಾದ ನನಗೆ ಆ ಹೆಸರು ಕೇಳಿದಾಗಲೆಲ್ಲ ಮೊದಲು ನಗು ಬರುತ್ತದೆ, ಆಮೇಲೆ ಗಂಟಲು ಸ್ವಲ್ಪ ಕಟ್ಟುತ್ತದೆ.

ಕೋಳೀಕೆ ರಂಗನ ಹಾಡೂ ಅದೇ ಜಾತಿಯದು. ಕಾನ್‌ಸ್ಟಾಂಟಿನೋಪಲ್ ಎಂಬ ಉದ್ದನೆಯ ಹೆಸರನ್ನು ಅಕ್ಷರ ಬಿಡಿಸಿ ಹೇಳುವ ಇಂಗ್ಲಿಷ್ ಹಾಡೊಂದಿತ್ತು. ಕೈಲಾಸಂ ಅದರ ಧಾಟಿ ಇಟ್ಟುಕೊಂಡು ಹಳ್ಳಿಯ ರಂಗನನ್ನು ನಿಲ್ಲಿಸಿದರು. ರಂಗ ತನ್ನ ಹೆಸರನ್ನು ಕನ್ನಡದ ಕಾಗುಣಿತದಲ್ಲಿ, ಸೊನ್ನೆಯನ್ನೂ ಬಿಡದೆ, ಒಂದೊಂದಾಗಿ ಬಿಡಿಸಿ ಹೇಳುತ್ತಾನೆ. ಸಾಮ್ರಾಜ್ಯದ ರಾಜಧಾನಿ ನಿಂತಿದ್ದ ಜಾಗದಲ್ಲಿ ಒಬ್ಬ ಹಳ್ಳಿಗ ನಿಂತ. ಇದನ್ನು ಬರೀ ಅನುಕರಣೆ ಎಂದು ಬದಿಗಿಡಲು ನನಗೆ ಮನಸ್ಸಿಲ್ಲ. ಬೇರೆಯವರ ಪೆಟ್ಟಿಗೆಯಲ್ಲಿ ನಮ್ಮ ಬಟ್ಟೆ ಮಡಚಿ ತರುವ ಕೆಲಸ ಇದು.

ಪೆಟ್ಟಿಗೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಎರಡು ಪದಗಳನ್ನು ಒಂದರೊಳಗೊಂದು ತುರುಕಿ ಕಟ್ಟುವ ಪದಕ್ಕೆ ಇಂಗ್ಲಿಷಿನಲ್ಲಿ ಎರಡು ಮಡಿಕೆಯ ಪ್ರಯಾಣದ ಪೆಟ್ಟಿಗೆಯ ಹೆಸರನ್ನೇ ಇಟ್ಟಿದ್ದಾರೆ. 1871ರಲ್ಲಿ ಲೂಯಿಸ್ ಕ್ಯಾರಲ್ ತನ್ನ ಮಕ್ಕಳ ಪುಸ್ತಕವೊಂದರಲ್ಲಿ ಕೊಟ್ಟ ಹೆಸರು ಅದು. ನಮ್ಮಲ್ಲಿ ಅದಕ್ಕೆ ಹತ್ತಿರದ ಹೆಸರು ಅದಕ್ಕೂ ಆರುನೂರು ವರ್ಷ ಹಳೆಯದು, ಆದರೆ ಅಷ್ಟು ಪ್ರೀತಿಯದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆಯುವುದನ್ನು ಅರಿಸಮಾಸ ಎಂದು ಕರೆದ. ಅರಿ ಎಂದರೆ ಶತ್ರು. ಒಂದಕ್ಕೊಂದು ಒಗ್ಗದ ಪದಗಳ ಕೂಟ. ಬಿರುದುಗಳಲ್ಲಿ ಮತ್ತು ಹಿಂದಿನವರು ಬಳಸಿ ರೂಢಿಯಾದ ಕಡೆ ಮಾತ್ರ ಇರಲಿ ಎಂದು ರಿಯಾಯಿತಿ ಕೊಟ್ಟ. ನಾನು ಹೈಸ್ಕೂಲಿನಲ್ಲಿದ್ದಾಗ ಅರಿಸಮಾಸಕ್ಕೆ ಅರ್ಧ ಅಂಕ ಕತ್ತರಿಯಾಗುತ್ತಿತ್ತು. ಕೈಲಾಸಂ ಆ ಅರ್ಧ ಅಂಕದ ಆಸೆ ಬಿಟ್ಟು ಶತ್ರುಗಳನ್ನು ಒಂದೇ ಬೆಂಚಿನ ಮೇಲೆ ಕೂರಿಸಿದವರು.

ಲಂಡನ್ನಿನಿಂದ ಬಂದ ಮೇಲೆ ಅವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸೇರಿದರು. 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮುಖ್ಯಸ್ಥರಾಗಿ ಶುರುವಾದ ಇಲಾಖೆ ಅದು. ಆ ಕೆಲಸದ ಸ್ವರೂಪ ನನಗೆ ಗೊತ್ತು. ಲೋಣಾವಳಾದ ಕಪ್ಪುಕಲ್ಲು ಲಾವಾ ಹರಿದು ಹೆಪ್ಪುಗಟ್ಟಿದ್ದು, ಅದರ ವಯಸ್ಸು ಆರೂವರೆ ಕೋಟಿ ವರ್ಷ. ಮೈಸೂರು ಸೀಮೆಯ ಕಲ್ಲುಗಳು ಇನ್ನೂರೈವತ್ತು ಕೋಟಿ ವರ್ಷ ದಾಟಿದವು. ಅಂಥ ಕಲ್ಲಿನ ಮುಂದೆ ಕೂತವನಿಗೆ ನಿಮಿಷಕ್ಕೂ ಗಂಟೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಬಿಸಿಲಲ್ಲಿ ನಡೆಯುವುದು, ಸುತ್ತಿಗೆಯಿಂದ ಕುಟ್ಟುವುದು, ಚೀಟಿ ಅಂಟಿಸುವುದು, ಡೇರೆಗೆ ಬಂದು ದೀಪದ ಮುಂದೆ ಕೂತು ಬರೆಯುವುದು. ಮಾತಾಡಲು ಯಾರೂ ಇಲ್ಲದ ಕೆಲಸ. ಮಾತೇ ಉಸಿರಾಗಿದ್ದ ಮನುಷ್ಯ ಅದರಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಕೆಲವೇ ವರ್ಷದಲ್ಲಿ ರಾಜೀನಾಮೆ ಕೊಟ್ಟರು. ತಿಂಗಳ ಸಂಬಳ, ಬಡ್ತಿ, ಪಿಂಚಣಿ ಎಲ್ಲವನ್ನೂ ಬಿಟ್ಟು ಬೆಂಗಳೂರಿನ ಹವ್ಯಾಸಿ ರಂಗಭೂಮಿಗೆ ಬಂದು ನಿಂತರು.

ಆಗಿನ ಕನ್ನಡ ರಂಗಭೂಮಿ ಎಂದರೆ ಕಂಪನಿ ನಾಟಕ. ಕೈಲಾಸಂ ಹುಟ್ಟಿದ 1884ರಲ್ಲೇ ಗುಬ್ಬಿ ಕಂಪನಿಯೂ ಹುಟ್ಟಿತ್ತು. ಪುರಾಣದ ಕಥೆ, ರಾತ್ರಿಯಿಡೀ ಹಾಡು, ಜರಿ ಪೋಷಾಕು, ಗ್ರಾಂಥಿಕ ಭಾಷೆ. ಅದರ ವೈಭವ ಅದಕ್ಕಿತ್ತು. ಆದರೆ ಬಸವನಗುಡಿಯ ವಕೀಲನಾಗಲಿ ಮಲ್ಲೇಶ್ವರದ ಗುಮಾಸ್ತನಾಗಲಿ ಮನೆಯಲ್ಲಿ ಹಾಗೆ ಮಾತಾಡುತ್ತಿರಲಿಲ್ಲ. ಅವನ ಮಾತಿನಲ್ಲಿ ಕೋರ್ಟು, ಕ್ಲಬ್ಬು, ಎಕ್ಸಾಮು, ಪಾಸು, ಫೇಲು ತುಂಬಿದ್ದವು. 1918ರ 'ಟೊಳ್ಳುಗಟ್ಟಿ'ಯಿಂದ ಕೈಲಾಸಂ ಆ ಮಾತನ್ನೇ ರಂಗಕ್ಕೆ ತಂದರು. ಪುಸ್ತಕದ ಓದಿನಲ್ಲಿ ಮುಂದಿರುವ ಮಗ, ಪರೀಕ್ಷೆಯಲ್ಲಿ ಹಿಂದೆ ಬಿದ್ದರೂ ಮನೆಯ ಕಷ್ಟಕ್ಕೆ ಒದಗುವ ಮಗ, ಇವರಲ್ಲಿ ಟೊಳ್ಳು ಯಾರು ಗಟ್ಟಿ ಯಾರು ಎಂದು ಕೇಳಿದ ನಾಟಕ ಅದು. ಕೋಚಿಂಗ್ ಕ್ಲಾಸುಗಳ ಈ ಕಾಲದಲ್ಲಿ ಆ ಪ್ರಶ್ನೆ ಇನ್ನಷ್ಟು ಗಟ್ಟಿಯಾಗಿದೆ.

ಅವರ ನಾಟಕಗಳ ಹೆಸರುಗಳನ್ನೇ ನೋಡಿ. ತಿಲಕರು 1916ರಲ್ಲಿ ಬೆಳಗಾವಿಯಲ್ಲಿ ಹೋಂ ರೂಲ್ ಲೀಗ್ ಶುರು ಮಾಡಿದರು, ಅದೇ ವರ್ಷ ಮದ್ರಾಸಿನಲ್ಲಿ ಅನಿಬೆಸೆಂಟರ ಲೀಗೂ ಹುಟ್ಟಿತು. ದೇಶವೆಲ್ಲ ಆ ಮಾತನ್ನು ಭಾಷಣದಲ್ಲಿ ಕೇಳುತ್ತಿದ್ದಾಗ ಕೈಲಾಸಂ 'ಹೋಂ ರೂಲು' ಎಂದು ನಾಟಕ ಬರೆದು, ಮನೆಯೊಳಗೆ ರೂಲು ಯಾರದು ಎಂದು ಕಣ್ಣು ಮಿಟುಕಿಸಿದರು. ಒಂದು ಉಕಾರ ಸೇರಿದ್ದಕ್ಕೆ ಇಂಗ್ಲಿಷಿನ ರಾಜಕೀಯ ಕನ್ನಡದ ಅಡುಗೆಮನೆಗೆ ಬಂತು. 'ತಾಳಿ ಕಟ್ಟೋಕ್ಕೂಲೀನೇ' ಎಂಬ ಹೆಸರಿನಲ್ಲಿ ಎರಡು ಪದಗಳನ್ನು ಸಂಧಿ ಮಾಡಿ ಕೂಲಿ ಎಂಬುದನ್ನು ಎದ್ದು ಕಾಣಿಸಿದರು. ವರದಕ್ಷಿಣೆಯನ್ನು ತಾಳಿ ಕಟ್ಟುವುದಕ್ಕೆ ಗಂಡು ಕೇಳುವ ಕೂಲಿ ಎಂದು ಕರೆದ ಮೇಲೆ ಆ ಪದ್ಧತಿಯ ಮಾನ ಎಲ್ಲಿ ಉಳಿಯಿತು? 'ಬಂಡ್ವಾಳ್ವಿಲ್ಲದ್ ಬಡಾಯಿ', 'ಅಮ್ಮಾವ್ರ ಗಂಡ', 'ಗಂಡಸ್ಕತ್ರಿ', 'ಪೋಲಿ ಕಿಟ್ಟಿ', ಹೀಗೆ ಒಂದೊಂದು ಹೆಸರೂ ಬಾಯಲ್ಲಿ ಹುರಿಗಡಲೆಯಂತೆ ಕಟಕಟ ಅನ್ನುತ್ತದೆ.

ಇಂಥ ಮಾತು ರಂಗದ ಮೇಲೆ ಬಂದದ್ದು ಎಲ್ಲರಿಗೂ ಹಿಡಿಸಲಿಲ್ಲ. ಆದರೆ ಕೈಲಾಸಂ ಕಲಬೆರಕೆಯನ್ನು ಕಣ್ಣು ಮುಚ್ಚಿ ಮಾಡಲಿಲ್ಲ. ಅವರ ನಾಟಕದಲ್ಲಿ ಯಾರು ಎಷ್ಟು ಇಂಗ್ಲಿಷ್ ಬೆರೆಸುತ್ತಾರೆ ಎನ್ನುವುದರಲ್ಲೇ ಅವರ ಗುಣ ಗೊತ್ತಾಗುತ್ತದೆ. ಬಡಾಯಿಯ ವಕೀಲನ ಬಾಯಲ್ಲಿ ಇಂಗ್ಲಿಷು ಬಾಡಿಗೆಯ ಕೋಟು. ಅಡುಗೆಯವನ ಬಾಯಲ್ಲಿ ಅದೇ ಇಂಗ್ಲಿಷು ಮುರಿದು, ಸವೆದು, ಕನ್ನಡದ ಪ್ರತ್ಯಯ ತೊಟ್ಟು ಮನೆಯ ಪಾತ್ರೆಯಾಗಿರುತ್ತದೆ. ನಗುವಿನ ಅಡಿಯಲ್ಲಿ ವರದಕ್ಷಿಣೆ, ಜಾತಿಯಿಂದ ಹೊರಹಾಕುವ ಕ್ರೌರ್ಯ, ವೇಶ್ಯೆಯ ಬದುಕು, ಊರು ಪೋಲಿ ಎಂದು ಮೂಲೆಗಿಟ್ಟ ಹುಡುಗನ ಒಳ್ಳೆಯತನ ಎಲ್ಲವೂ ಇದ್ದವು. ಜನ ನಗುತ್ತ ಒಳಗೆ ಬಂದು ಮಾತಿಲ್ಲದೆ ಹೊರಗೆ ಹೋಗುವಂಥ ನಾಟಕಗಳು.

ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತ್ತು. ಕನ್ನಡದಲ್ಲಿ ಅಷ್ಟು ಇಂಗ್ಲಿಷ್ ಬೆರೆಸಿದ ಕೈಲಾಸಂ ಇಂಗ್ಲಿಷಿನಲ್ಲಿ ಬರೆದಾಗ ತಮಾಷೆಯನ್ನೂ ಬೆರಕೆಯನ್ನೂ ಹೊರಗಿಟ್ಟರು. ಅಲ್ಲಿ ಅವರು ಏಕಲವ್ಯ, ಕರ್ಣ, ಕೀಚಕ, ಭರತರ ಮುಂದೆ ಕೈಕಟ್ಟಿ ನಿಂತವರು. ಅವರ ಏಕಲವ್ಯನಿಗೆ ಬಿಲ್ಲುವಿದ್ಯೆ ಬೇಕಾದದ್ದು ಕೀರ್ತಿಗಲ್ಲ, ತೋಳಗಳ ಬಾಯಿಂದ ಜಿಂಕೆಮರಿಗಳನ್ನು ಉಳಿಸುವುದಕ್ಕೆ. ಭಾಷೆಯೂ ಹಳೆಯ ಕಾಲದ ಗಂಭೀರ ಇಂಗ್ಲಿಷು. ಬೇಕಾದಾಗ ಬಿಡಿಯಾಗಿ ಇಡಬಲ್ಲ ಕೈ ಬೇಕೆಂದೇ ಬೆರೆಸಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮೂರು ಡಬ್ಬಿಗಳೂ ತುಂಬಿದ್ದವು. ಯಾವುದರಿಂದ ಎಷ್ಟು ಚಿಟಿಕೆ ತೆಗೆಯಬೇಕು ಎಂಬುದು ಅವರಿಗೆ ತಿಳಿದಿತ್ತು.

ಅವರ ಬದುಕು ಮಾತ್ರ ಪ್ರಹಸನವಾಗಿರಲಿಲ್ಲ. ನ್ಯಾಯಾಧೀಶರ ಮಗ, ಲಂಡನ್ನಿನಲ್ಲಿ ಓದಿದವರು, ಕೊನೆಗೆ ಇದ್ದದ್ದು ಧೂಳು ತುಂಬಿದ ಕೋಣೆಗಳಲ್ಲಿ. ಒಂದು ಬಿಡಾರಕ್ಕೆ ನೂಕ್ ಎಂದು ಹೆಸರಿಟ್ಟಿದ್ದರು. ಇಂಗ್ಲಿಷಿನಲ್ಲಿ ಅದು ಮೂಲೆ, ನನ್ನ ಕನ್ನಡದ ಕಿವಿಗೆ ಅದು ನೂಕು. ಹಳೆಯ, ಕೊಳೆಯಾದ ಇನ್ನೊಂದು ಮನೆಗೆ ವೈಟ್ ಹೌಸ್ ಎಂದು ಹೆಸರು. ಬಡತನಕ್ಕೆ ಸುಣ್ಣ ಹೊಡೆಯಲು ದುಡ್ಡಿಲ್ಲದಾಗ ಪದದಿಂದಲೇ ಹೊಡೆದರು. ಬೆರಳ ನಡುವೆ ಆರದ ಸಿಗರೇಟು. ಕೂತು ಬರೆಯುವ ಅಭ್ಯಾಸ ಕಡಿಮೆ. ರಾತ್ರಿ ಹೊತ್ತು ಏರಿದಂತೆ ನಾಟಕವನ್ನು ಪಾತ್ರಪಾತ್ರವಾಗಿ ಆಡುತ್ತ ಹೇಳುವರು, ಸುತ್ತ ಕೂತ ಶಿಷ್ಯರು ಬರೆದುಕೊಳ್ಳುವರು. ಬರೆದುಕೊಳ್ಳುವವರಿಲ್ಲದ ರಾತ್ರಿಗಳಲ್ಲಿ ಹೇಳಿದ್ದು ಹೊಗೆಯ ಜೊತೆಗೇ ಹೋಯಿತು. ನಮ್ಮ ಕೈಯಲ್ಲಿ ಇವತ್ತು ಇರುವುದು ಉಳಿದದ್ದು ಮಾತ್ರ.

1945ರಲ್ಲಿ ಅವರನ್ನು ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಮಾಡಿದರು. ಸಮ್ಮೇಳನ ನಡೆದದ್ದು ಮದ್ರಾಸಿನಲ್ಲಿ. ಹೊರನಾಡಿನ ಕನ್ನಡಿಗರಾದ ನಾವು ಇದನ್ನು ಸ್ವಲ್ಪ ಹೆಮ್ಮೆಯಿಂದ ನೆನೆಯಬಹುದು. ತಮಿಳು ಮನೆಮಾತಿನ ಕನ್ನಡ ನಾಟಕಕಾರರಿಗೆ ಕನ್ನಡದ ಅತಿ ದೊಡ್ಡ ಮರ್ಯಾದೆ ಸಿಕ್ಕಿದ್ದು ತಮಿಳು ನೆಲದಲ್ಲಿ. ಅರಿಸಮಾಸ ಎಂದು ಕೇಶಿರಾಜ ಅಂಕ ಕತ್ತರಿಸಬಹುದಾಗಿದ್ದ ಆ ದಿನ ಕನ್ನಡಕ್ಕೆ ಪೂರ್ತಿ ಅಂಕ ಬಂತು. ಮರುವರ್ಷ, 1946ರ ನವೆಂಬರ್ 23ರಂದು, ಅರವತ್ತೆರಡರ ವಯಸ್ಸಿನಲ್ಲಿ ಕೈಲಾಸಂ ತೀರಿಕೊಂಡರು. ಕನ್ನಡಕ್ಕೊಬ್ಬನೇ ಕೈಲಾಸಂ ಎಂಬ ಮಾತು ಉಳಿಯಿತು. ಎಷ್ಟೋ ವರ್ಷದ ಮೇಲೆ ಸಿ.ಆರ್. ಸಿಂಹ ಒಬ್ಬರೇ ನಿಂತು ಅವರನ್ನು ರಂಗದ ಮೇಲೆ ಮತ್ತೆ ಬದುಕಿಸಿದಾಗ ಆ ನಾಟಕಕ್ಕೆ 'ಟಿಪಿಕಲ್ ಟಿ.ಪಿ. ಕೈಲಾಸಂ' ಎಂದೇ ಹೆಸರಾಯಿತು. ಅವರ ಇನಿಷಿಯಲ್ಲೇ ಇನ್ನೊಂದು ಪದದೊಳಗೆ ಬೆಸೆದುಕೊಂಡಿತ್ತು.

ಇದೆಲ್ಲ ನೆನೆಯುತ್ತ ನಾನು ಮತ್ತೆ ಜೋಂಪಿನ ಹತ್ತಿರ ಬಂದೆ. ಅಮ್ಮ ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು ಅನ್ನಿಸಿತು. ಕಲಸಿದ್ದರಿಂದ ಕನ್ನಡ ಕೆಡುವುದಿಲ್ಲ. ಕೈಲಾಸಂ ಕಲಸಿದರು, ಕನ್ನಡ ಹೊಸ ರುಚಿ ಪಡೆಯಿತು. ಆದರೆ ಕಲಸುವುದಕ್ಕೆ ಎರಡೂ ಇರಬೇಕಲ್ಲ. ತಿಪ್ಪಾರಹಳ್ಳಿಗೆ ನಗಬೇಕಾದರೆ ಟಿಪ್ಪರರಿಯೂ ಗೊತ್ತಿರಬೇಕು, ಹಳ್ಳಿಯೂ ಗೊತ್ತಿರಬೇಕು. ನನ್ನ ಮಗಳ ಕಂಟಾಳಾವಳಾ ಗೆದ್ದದ್ದು ಅವಳಲ್ಲಿ ಮರಾಠಿ ತುಂಬಿರುವುದರಿಂದ. ನನ್ನ ಜೂಂಪು ಸೋತದ್ದು ಅವಳ ಕನ್ನಡದ ಡಬ್ಬಿಯಲ್ಲಿ ತಳ ಕಾಣುತ್ತಿರುವುದರಿಂದ. ನಾವು ಹೊರನಾಡಿನವರು ಮಕ್ಕಳ ಮಾತಿನಲ್ಲಿ ಸೇರಿದ ಇಂಗ್ಲಿಷನ್ನು ಎಣಿಸುತ್ತೇವೆ. ಎಣಿಸಬೇಕಾದದ್ದು ಬಿಟ್ಟುಹೋದ ಕನ್ನಡವನ್ನು.

ನನ್ನ ಕೆಲಸದಲ್ಲಿ ಇದಕ್ಕೊಂದು ಪದ್ಧತಿ ಇದೆ. ಬೋರ್ ಹೊಡೆಯುವಾಗ ಕೆಲವು ಕಡೆ ಕಲ್ಲು ಪುಡಿಯಾಗಿ ನೀರಿನ ಜೊತೆ ಕೊಚ್ಚಿಹೋಗುತ್ತದೆ, ಮೇಲೆ ಬರುವ ತುಂಡಿನಲ್ಲಿ ಅಷ್ಟು ಅಳತೆ ಕಾಣೆಯಾಗಿರುತ್ತದೆ. ಅದನ್ನು ಕೋರ್ ಲಾಸ್ ಅನ್ನುತ್ತೇವೆ. ಉಳಿದ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ ಏನೂ ಆಗಿಲ್ಲವೆಂದು ತೋರಿಸುವಂತಿಲ್ಲ. ಕಳೆದುಹೋದ ಅಳತೆಗೆ ಪೆಟ್ಟಿಗೆಯಲ್ಲಿ ಮರದ ತುಂಡೊಂದನ್ನು ಇಟ್ಟು, ಇಷ್ಟು ಅಡಿಯಿಂದ ಇಷ್ಟು ಅಡಿಯವರೆಗೆ ಇಲ್ಲ ಎಂದು ಬರೆಯಬೇಕು. ಎಷ್ಟೋ ಸಲ ಸುರಂಗಕ್ಕೆ ಅಪಾಯ ಇರುವುದು ಆ ಜಾಗದಲ್ಲೇ. ಜೋಂಪು ನನ್ನ ಮನೆಯ ಮೊದಲ ಮರದ ತುಂಡು.

ಮುಂದಿನ ಭಾನುವಾರ ಆಟಕ್ಕೆ ಒಂದು ನಿಯಮ ಸೇರಿಸಿದೆವು. ಯಾವ ಪದ ಕಟ್ಟಿದರೂ ಅದರ ಎರಡು ಭಾಗವನ್ನೂ ಅಜ್ಜಿಗೆ ಫೋನಿನಲ್ಲಿ ಬಿಡಿಸಿ ಹೇಳಬೇಕು. ಅಜ್ಜಿ ನಕ್ಕರೆ ಪದ ನೋಟುಬುಕ್ಕಿಗೆ, ಇಲ್ಲದಿದ್ದರೆ ಇಲ್ಲ. ಮೊದಲು ಬೇಡವೆಂದ ಅಮ್ಮ ಹತ್ತು ನಿಮಿಷದಲ್ಲಿ ಅವಳಿಗಿಂತ ಹುರುಪಿನಿಂದ ಆಟಕ್ಕಿಳಿದರು. ಬೇಸರದ ಪಕ್ಕದ ಪದಗಳನ್ನೆಲ್ಲ ಅಟ್ಟದಿಂದ ಇಳಿಸಿದರು. ತೂಕಡಿಕೆ, ಮಂಪರು, ಆಕಳಿಕೆ, ಜಡ್ಡು, ಮೈಗಳ್ಳತನ. ಮಗಳಿಗೆ ಮಂಪರು ಬಹಳ ಹಿಡಿಸಿತು. ಗಣಿತದ ಪರೀಕ್ಷೆಯ ಪೇಪರು ಕೈಗೆ ಬಂದಾಗ ಕವಿಯುವುದಕ್ಕೆ ಮಂಪೇಪರು ಎಂದಳು. ಅಮ್ಮ ನಕ್ಕರು.

ಆಮೇಲೆ ಮಗಳು ಕೇಳಿದಳು, ಅಜ್ಜಿಗೆ ಬೋರ್ ಆಗುವುದಿಲ್ಲವೇ ಎಂದು. ನಾನು ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿರಲಿಲ್ಲ. ಊಟ ಆಯಿತಾ, ಮಾತ್ರೆ ತಗೊಂಡೆಯಾ, ಕಾಯಿ ಕೀಳಿಸಿದೆಯಾ, ಇಷ್ಟೇ ಕೇಳುತ್ತಿದ್ದೆ. ಅಮ್ಮ ಸ್ವಲ್ಪ ತಡೆದು ಹೇಳಿದರು. ಹಗಲು ಹೇಗೋ ಹೋಗುತ್ತದಂತೆ. ಸಂಜೆ ದೀಪ ಹಚ್ಚಿದ ಮೇಲೆ ಫೋನನ್ನು ದೇವರ ಮನೆಯ ಬಾಗಿಲ ಹತ್ತಿರ, ಗಂಟೆಯ ಸದ್ದಿಗೂ ಮೇಲೆ ಕೇಳುವ ಹಾಗೆ ಇಟ್ಟುಕೊಂಡು ಕೂರುತ್ತಾರಂತೆ. ಅದು ಹೊಡೆದುಕೊಳ್ಳದೆ ಎಂಟು ಗಂಟೆಯಾದರೆ ಊಟ ಮಾಡಿ ಮಲಗುತ್ತಾರಂತೆ. ಅದಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ ಮರಿ, ನೀನೇ ಇಡು ಎಂದರು.

ಮಗಳು ಪೆನ್ಸಿಲು ಕಚ್ಚುತ್ತ ಯೋಚಿಸಿದಳು. ಆಮೇಲೆ ಫೌನ ಎಂದಳು. ಫೋನಿನ ಮೌನ. ಎರಡು ಭಾಗವನ್ನೂ ನಿಯಮದ ಪ್ರಕಾರ ಬಿಡಿಸಿ ಹೇಳಿದಳು. ಆ ಸಲ ಅಮ್ಮ ನಗಲಿಲ್ಲ. ಆದರೂ ಆ ಪದವನ್ನು ಬರೆದುಕೋ ಎಂದರು.

ನೋಟುಬುಕ್ಕಿನಲ್ಲಿ ಈಗ ಮೂವತ್ತೊಂದು ಪದಗಳಿವೆ. ಮಳೆ ಇನ್ನೂ ಭೋರ್ಗರೆಯುತ್ತಿದೆ, ಬೋರ್ ಘಾಟಿನ ಮಂಜು ಕಿಟಕಿಯವರೆಗೆ ಬಂದಿದೆ. ನಾನು ಹೊಸದಾಗಿ ಕಲಿತ ಕೆಲಸ ಒಂದೇ. ಸಂಜೆ ಏಳಕ್ಕೆ, ಬೋರ್ ಹೊಡೆಯುವ ಜಾಗದಿಂದ ಮನೆಗೆ ಬರುವ ದಾರಿಯಲ್ಲೇ, ತಿಪಟೂರಿಗೆ ಫೋನು ಮಾಡುತ್ತೇನೆ. ತಿಪ್ಪಾರಹಳ್ಳಿ ಇರುವಷ್ಟೇ ದೂರದಲ್ಲಿದೆ. ಎಂಟು ಗಂಟೆಯ ಒಳಗೆ ಮುಟ್ಟಬಹುದು.